ಸಂತರನ್ನು ಕೇಳುವುದೋ, ನೇರ ದೇವರನ್ನೋ? ಕ್ರೈಸ್ತರ ಈ ತಕರಾರಿನ ಬೇರು ಎಲ್ಲಿದೆ

2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಇಬ್ಬರು ಯುವಕರನ್ನು ಸಂತರೆಂದು ಘೋಷಿಸಿದರು. ಒಬ್ಬರು 1925ರಲ್ಲಿ ತೀರಿಕೊಂಡ ಪಿಯರ್ ಜೋರ್ಜೋ ಫ್ರಸ್ಸಾತಿ. ಇನ್ನೊಬ್ಬರು ಕಾರ್ಲೊ ಅಕ್ಯೂಟಿಸ್. 1991ರಲ್ಲಿ ಹುಟ್ಟಿ, ರಕ್ತದ ಕ್ಯಾನ್ಸರ್‌ನಿಂದ 15ನೇ ವಯಸ್ಸಿಗೇ ಹೋದ, ವೆಬ್‌ಸೈಟ್ ಮಾಡುವ ಹುಚ್ಚಿದ್ದ ಹುಡುಗ. ಇದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ನವೆಂಬರ್ 4ರಂದು ಅದೇ ಪೋಪರ ಒಪ್ಪಿಗೆ ಪಡೆದ ಒಂದು ದಾಖಲೆ ವ್ಯಾಟಿಕನ್‌ನಿಂದ ಹೊರಬಂತು. ಯೇಸುವಿನ ತಾಯಿ ಮರಿಯಮ್ಮನನ್ನು ‘ಸಹ-ವಿಮೋಚಕಿ’ ಎಂದು ಕರೆಯುವುದು ಯಾವತ್ತೂ ಸರಿಯಲ್ಲ ಎಂದು ಅದು ಹೇಳಿತು. ‘ಮಧ್ಯಸ್ಥೆ’ ಎಂಬ ಬಿರುದನ್ನೂ ಬಹಳ ಎಚ್ಚರದಿಂದ ಬಳಸಿ ಎಂದಿತು.

ಹೊರಗಿನಿಂದ ನೋಡಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಒಂದು ಕೈಯಲ್ಲಿ ಹೊಸ ಸಂತರನ್ನು ಕೊಡುತ್ತಾರೆ, ಇನ್ನೊಂದು ಕೈಯಲ್ಲಿ ಎಲ್ಲರಿಗಿಂತ ದೊಡ್ಡ ಸಂತಳ ಬಿರುದು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಪೋಪರ ಅಧಿಕಾರವನ್ನು ಒಪ್ಪದ ಪ್ರೊಟೆಸ್ಟಂಟ್ ಕ್ರೈಸ್ತರು ಎರಡೂ ಸಲ ಕೇಳಿದ್ದು ಹಳೆಯ ಪ್ರಶ್ನೆಯನ್ನೇ. ದೇವರ ಹತ್ತಿರ ನೇರವಾಗಿ ಮಾತಾಡಬಹುದಲ್ವಾ, ನಡುವೆ ಇವರೆಲ್ಲ ಯಾಕೆ?

ಪ್ರಶ್ನೆ ಸುಲಭವಾಗಿ ಅರ್ಥವಾಗುತ್ತದೆ, ಅದಕ್ಕೇ ಇಷ್ಟು ಬೇಗ ಹಬ್ಬುತ್ತದೆ. ಆದರೆ ಜಗಳ ಇರುವುದು ನೇರವಾಗಿ ಕೇಳಬೇಕೋ ಬೇರೆಯವರ ಮೂಲಕ ಕೇಳಬೇಕೋ ಎನ್ನುವುದರಲ್ಲಿ ಅಲ್ಲ ಎಂದು ನನಗನ್ನಿಸುತ್ತದೆ. ಆ ವಿಷಯದಲ್ಲಿ ಎರಡೂ ಕಡೆಯವರು ತಾವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಹತ್ತಿರ ಇದ್ದಾರೆ.

ಕಥೋಲಿಕರ ಬಲಿಪೂಜೆಯನ್ನೇ (ಮಾಸ್) ನೋಡಿ. ಅದರ ಮುಖ್ಯ ಪ್ರಾರ್ಥನೆ ಪೂರ್ತಿ ತಂದೆಯಾದ ದೇವರನ್ನು ಉದ್ದೇಶಿಸಿದ್ದು. ಸಂತರೊಬ್ಬರ ಹಬ್ಬದ ದಿನವೂ ಪಾದ್ರಿ ಆರಂಭದಲ್ಲಿ ಹೇಳುವ ಪ್ರಾರ್ಥನೆ ದೇವರಿಗೇ ಸಲ್ಲುತ್ತದೆ, ಸಂತರ ಹೆಸರು ಒಳಗೆ ಬಂದು ಹೋಗುತ್ತದೆ ಅಷ್ಟೇ. ಇನ್ನು ಪ್ರೊಟೆಸ್ಟಂಟರು. ಕಾಯಿಲೆ ಬಿದ್ದಾಗ, ಕೆಲಸ ಹೋದಾಗ ಸಭೆಯ (ಚರ್ಚ್‌ನ) ಜನರಿಗೆಲ್ಲ ‘ನಮಗಾಗಿ ಪ್ರಾರ್ಥನೆ ಮಾಡಿ’ ಎಂದು ಕೇಳಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ದೇವರ ಹತ್ತಿರ ನೇರವಾಗಿ ಹೋಗಬಲ್ಲವರಿಗೆ ಇನ್ನೊಬ್ಬರ ಪ್ರಾರ್ಥನೆ ಏಕೆ ಬೇಕು? ಆದರೂ ಬೇಕು ಎಂದು ಅವರೂ ನಂಬುತ್ತಾರೆ. ಬೈಬಲ್ಲೂ ಹಾಗೇ ಹೇಳುತ್ತದೆ.

ಭಿನ್ನಾಭಿಪ್ರಾಯ ಶುರುವಾಗುವ ಜಾಗ ಬಲಿಪೂಜೆಯಲ್ಲಿ ಬರುವ ಪಾಪನಿವೇದನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅದರ ಕೊನೆಯಲ್ಲಿ ಭಕ್ತರು ಮರಿಯಮ್ಮನನ್ನು, ಎಲ್ಲ ದೂತರನ್ನು, ಸಂತರನ್ನು, ಆಮೇಲೆ ಅದೇ ಉಸಿರಿನಲ್ಲಿ ಪಕ್ಕದಲ್ಲಿ ನಿಂತಿರುವ ಸಹೋದರ ಸಹೋದರಿಯರನ್ನು ‘ನನಗಾಗಿ ಪ್ರಾರ್ಥಿಸಿ’ ಎಂದು ಬೇಡುತ್ತಾರೆ. ಸತ್ತವರೂ ಬದುಕಿರುವವರೂ ಒಂದೇ ಪಟ್ಟಿಯಲ್ಲಿ. ಪ್ರೊಟೆಸ್ಟಂಟರಿಗೆ ಪಟ್ಟಿಯ ಕೊನೆಯ ಭಾಗದ ಬಗ್ಗೆ ಏನೂ ತಕರಾರಿಲ್ಲ. ಮೊದಲ ಭಾಗ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾದರೆ ನಿಜವಾದ ಪ್ರಶ್ನೆ, ಸಾವು ಈ ಪಟ್ಟಿಯನ್ನು ಎರಡಾಗಿ ಸೀಳುತ್ತದೋ ಇಲ್ಲವೋ ಎಂಬುದು.

ಈ ವಾದದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ವಚನ 1 ತಿಮೊಥೆಯ 2:5. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಅದು ಕ್ರಿಸ್ತ ಯೇಸು ಎಂಬ ಮಾತು. ಪ್ರೊಟೆಸ್ಟಂಟರಿಗೆ ಇಲ್ಲಿಗೆ ವಾದ ಮುಗಿಯಿತು. ಆದರೆ ಅದೇ ಅಧ್ಯಾಯದ ಮೊದಲ ವಚನದಲ್ಲಿ ಎಲ್ಲರಿಗಾಗಿಯೂ ವಿಜ್ಞಾಪನೆ, ಪ್ರಾರ್ಥನೆ ಮಾಡಿ ಎಂಬ ಸೂಚನೆ ಇದೆ. ಅಂದರೆ ಬೇರೆಯವರಿಗಾಗಿ ದೇವರನ್ನು ಬೇಡುವುದರಿಂದ ಕ್ರಿಸ್ತನ ಜಾಗಕ್ಕೆ ಕೈ ಹಾಕಿದಂತಾಗುವುದಿಲ್ಲ. ಕಥೋಲಿಕರು ಇದನ್ನು ತೋರಿಸಿದಾಗ ಎದುರು ಕಡೆಯವರು ಸಾಮಾನ್ಯವಾಗಿ ಕೊಡುವ ಉತ್ತರ ಸರಿಯಾಗಿಯೇ ಇದೆ. ಹೌದು, ಆದರೆ ಆ ಮಾತು ಬದುಕಿರುವವರಿಗೆ ಹೇಳಿದ್ದು. ನೋಡಿ, ಸುತ್ತಿ ಬಳಸಿ ಮತ್ತೆ ಸಾವಿಗೇ ಬಂದೆವು.

ಸತ್ತವರ ಬಗ್ಗೆ ಬೈಬಲ್ ಏನು ಹೇಳುತ್ತದೆ? ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಸತ್ತವರನ್ನು ವಿಚಾರಿಸುವುದನ್ನು ಕಟುವಾಗಿ ನಿಷೇಧಿಸುತ್ತದೆ. ರಾಜ ಸೌಲ ಸತ್ತವರನ್ನು ಕರೆಸುವ ಏಂದೋರಿನ ಹೆಂಗಸಿನ ಹತ್ತಿರ ಹೋಗಿ, ತೀರಿಕೊಂಡಿದ್ದ ಪ್ರವಾದಿ ಸಮುವೇಲನನ್ನು ಎಬ್ಬಿಸಿದ ಕಥೆ ಎಲ್ಲರಿಗೂ ಗೊತ್ತು. ಸಂತರಿಗೆ ಪ್ರಾರ್ಥಿಸುವುದೂ ಇದೇ ತಪ್ಪು ಎಂದು ಅನೇಕ ಬೋಧಕರು ಹೇಳುತ್ತಾರೆ. ನನಗೆ ಇದು ಪ್ರೊಟೆಸ್ಟಂಟ್ ವಾದಗಳಲ್ಲೇ ಸೊರಗಿದ ವಾದ ಎನ್ನಿಸುತ್ತದೆ. ಸೌಲ ಬಯಸಿದ್ದು ನಾಳೆಯ ಯುದ್ಧದ ಸುದ್ದಿ. ಸತ್ತವನನ್ನು ಎಬ್ಬಿಸಿ ಅವನಿಂದ ಮಾಹಿತಿ ತೆಗೆಯಲು ಹೋದ. ಕಥೋಲಿಕ ಧರ್ಮೋಪದೇಶವೂ ಸತ್ತವರನ್ನು ಕರೆಸುವುದನ್ನು, ಭವಿಷ್ಯ ಕೇಳುವುದನ್ನು ನೇರವಾಗಿಯೇ ಖಂಡಿಸುತ್ತದೆ. ಉತ್ತರ ನಿರೀಕ್ಷಿಸದೆ ‘ನಮಗಾಗಿ ದೇವರನ್ನು ಬೇಡಿ’ ಎನ್ನುವುದು ಬೇರೆಯದೇ ಕೆಲಸ. ಅದು ಸರಿಯೋ ತಪ್ಪೋ, ಆ ಮಾತು ಬೇರೆ.

‘ಸತ್ತವರಿಗೆ ಯಾವ ತಿಳಿವಳಿಕೆಯೂ ಇಲ್ಲ’ ಎಂಬ, ಬೈಬಲಿನ ಪ್ರಸಂಗಿ ಗ್ರಂಥದ ಮಾತನ್ನೂ ತರುತ್ತಾರೆ. ಇದರಲ್ಲಿ ಒಂದು ತಮಾಷೆ ಇದೆ. ಈ ವಚನವನ್ನು ಪೂರ್ತಿ ನಿಷ್ಠೆಯಿಂದ ಬಳಸಬಲ್ಲವರು ಸೆವೆಂತ್ ಡೇ ಅಡ್ವೆಂಟಿಸ್ಟರಂಥವರು. ಪುನರುತ್ಥಾನದವರೆಗೆ ಸತ್ತವರು ಎಚ್ಚರವಿಲ್ಲದೆ ಮಲಗಿರುತ್ತಾರೆ ಎಂದು ಅವರು ನಂಬುತ್ತಾರೆ. ಹೆಚ್ಚಿನ ಪ್ರೊಟೆಸ್ಟಂಟರು ಹಾಗೆ ನಂಬುವುದಿಲ್ಲ. ಲೋಕ ಬಿಟ್ಟು ಕ್ರಿಸ್ತನ ಜೊತೆ ಇರುವುದೇ ಉತ್ತಮ ಎಂಬ ಪೌಲನ ಮಾತನ್ನು ಅವರು ಸಾವಿನ ಮನೆಯಲ್ಲಿ ಓದುತ್ತಾರೆ. ತೀರಿಕೊಂಡ ಅಮ್ಮ ಈಗ ಕರ್ತನ ಸನ್ನಿಧಿಯಲ್ಲಿದ್ದಾಳೆ ಎಂದು ಸಮಾಧಾನ ಹೇಳಿ, ವಾದಕ್ಕೆ ಕೂತಾಗ ಸತ್ತವರಿಗೆ ಏನೂ ಗೊತ್ತಾಗುವುದಿಲ್ಲ ಎಂದರೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ.

ಸರಿ, ಸಂತರು ಎಚ್ಚರವಾಗಿದ್ದಾರೆ ಎಂದೇ ಇಟ್ಟುಕೊಳ್ಳೋಣ. ನಮಗಾಗಿ ಪ್ರಾರ್ಥಿಸುತ್ತಲೂ ಇರಬಹುದು. ಪ್ರಕಟನೆ ಗ್ರಂಥದಲ್ಲಿ ಹಿರಿಯರು ದೇವಜನರ ಪ್ರಾರ್ಥನೆಗಳೆಂಬ ಧೂಪ ತುಂಬಿದ ಚಿನ್ನದ ಪಾತ್ರೆಗಳನ್ನು ಹಿಡಿದಿದ್ದಾರೆ. ಎರಡನೇ ಮಕ್ಕಬಿಯರ ಗ್ರಂಥದ 15ನೇ ಅಧ್ಯಾಯದಲ್ಲಿ ಸತ್ತುಹೋದ ಓನಿಯ ಮತ್ತು ಪ್ರವಾದಿ ಯೆರೆಮೀಯ ಜನರಿಗಾಗಿ ಪ್ರಾರ್ಥಿಸುವ ದರ್ಶನವೇ ಇದೆ. ಆದರೆ ಆ ಗ್ರಂಥ ಪ್ರೊಟೆಸ್ಟಂಟ್ ಬೈಬಲಿನಲ್ಲಿಲ್ಲ. ಹಾಗಾಗಿ ಈ ಸಾಕ್ಷಿ ಒಂದು ಕಡೆಗೆ ಮಾತ್ರ ನಡೆಯುತ್ತದೆ.

ಕುತೂಹಲದ ಸಂಗತಿ ಏನೆಂದರೆ, ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರನ ಜೊತೆಗಾರ ಮೆಲಾಂಕ್ಟನ್ ಇಷ್ಟರ ಮಟ್ಟಿಗೆ ಒಪ್ಪಿಕೊಂಡಿದ್ದ. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ 21ನೇ ವಿಧಿ ಸಂತರನ್ನು ನೆನೆಯಬೇಕು, ಅವರ ನಂಬಿಕೆಯನ್ನು ಅನುಸರಿಸಬೇಕು ಎನ್ನುತ್ತದೆ. ಮರುವರ್ಷ ಅದರ ಸಮರ್ಥನೆ ಬರೆಯುವಾಗ, ಸ್ವರ್ಗದಲ್ಲಿರುವ ಸಂತರು ಇಡೀ ಸಭೆಗಾಗಿ ಪ್ರಾರ್ಥಿಸುತ್ತಾರೆ ಎಂಬುದನ್ನು ಮೆಲಾಂಕ್ಟನ್ ಒಪ್ಪಿಕೊಂಡ. ಅವನು ಗೆರೆ ಎಳೆದದ್ದು ಅದರ ಆಚೆ. ಅವರು ನಮಗಾಗಿ ಪ್ರಾರ್ಥಿಸಿದರೂ ನಾವು ಅವರನ್ನು ಕರೆಯಬೇಕು ಎಂದೇನೂ ಆಗುವುದಿಲ್ಲ. ಹಾಗೆ ಮಾಡಿ ಎಂಬ ಆಜ್ಞೆ ಶಾಸ್ತ್ರದಲ್ಲಿಲ್ಲ. ಮಾಡಿದರೆ ಕೇಳಿಸಿಕೊಳ್ಳುತ್ತಾರೆ ಎಂಬ ವಾಗ್ದಾನವೂ ಇಲ್ಲ.

ಕೇಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದೇ ಈ ಇಡೀ ವಿವಾದದ ಅತ್ಯಂತ ಗಟ್ಟಿಯಾದ ಪ್ರಶ್ನೆ. ಒಂದೇ ಗಳಿಗೆಯಲ್ಲಿ ಲೋಕದ ಮೂಲೆ ಮೂಲೆಯಿಂದ ಲಕ್ಷಾಂತರ ಜನ, ಬೇರೆ ಬೇರೆ ಭಾಷೆಯಲ್ಲಿ, ಹೆಚ್ಚಿನವರು ಮನಸ್ಸಿನಲ್ಲೇ ಮರಿಯಮ್ಮನನ್ನು ಕರೆಯುತ್ತಾರೆ. ಇದೆಲ್ಲ ಕೇಳಿಸಬೇಕಾದರೆ ಆಕೆ ದೇವರಂತೆ ಸರ್ವಜ್ಞಳಾಗಬೇಡವೇ? ಕಥೋಲಿಕ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ಸಂತರಿಗೆ ಸ್ವಂತ ಶಕ್ತಿಯಿಂದ ಏನೂ ಕೇಳಿಸುವುದಿಲ್ಲ. ದೇವರ ಮುಖ ನೋಡುತ್ತಿರುವ ಅವರಿಗೆ ತಿಳಿಯಬೇಕಾದದ್ದನ್ನು ದೇವರೇ ತಿಳಿಸುತ್ತಾನೆ.

ಪ್ರೊಟೆಸ್ಟಂಟರು ಇಲ್ಲಿ ನಗುತ್ತಾರೆ. ಅಂದರೆ ನಾನು ಸಂತರಿಗೆ ಹೇಳಿದ್ದನ್ನು ದೇವರು ಕೇಳಿಸಿಕೊಂಡು, ಸಂತರಿಗೆ ತಿಳಿಸಿ, ಅವರು ಅದನ್ನೇ ಮತ್ತೆ ದೇವರಿಗೆ ಹೇಳಬೇಕು. ಈ ಸುತ್ತು ಯಾಕೆ? ಕೇಳಲು ಚೆನ್ನಾಗಿರುವ ಪ್ರಶ್ನೆ. ಆದರೆ ಇದು ಕೇಳಿದವರಿಗೇ ತಿರುಗುತ್ತದೆ. ಗೆಳೆಯರಿಗೆ ‘ನನಗಾಗಿ ಪ್ರಾರ್ಥಿಸು’ ಎಂದಾಗಲೂ ದೇವರಿಗೆ ಅದು ಮೊದಲೇ ಗೊತ್ತು. ಬೇಡುವ ಮುಂಚೆಯೇ ನಿಮ್ಮ ಅಗತ್ಯ ತಂದೆಗೆ ತಿಳಿದಿದೆ ಎಂದು ಯೇಸುವೇ ಹೇಳಿ, ಆಮೇಲೆ ಬೇಡುವುದನ್ನು ಕಲಿಸಿದ. ಸುತ್ತು ಅನಗತ್ಯ ಎಂದರೆ ಎಲ್ಲ ಪ್ರಾರ್ಥನೆಯೂ ಅನಗತ್ಯವೇ.

ಹಾಗೆಂದು ಕಥೋಲಿಕರ ‘ಗೆಳೆಯರನ್ನು ಕೇಳಿದ ಹಾಗೆ ಅಷ್ಟೇ’ ಎಂಬ ಉತ್ತರವೂ ಪೂರ್ತಿ ಪ್ರಾಮಾಣಿಕ ಅಲ್ಲ. ಗೆಳೆಯರ ಚಿತ್ರದ ಮುಂದೆ ಯಾರೂ ಮೊಣಕಾಲೂರಿ ಮೇಣದಬತ್ತಿ ಹಚ್ಚುವುದಿಲ್ಲ. ಕಳೆದ ವಸ್ತು ಹುಡುಕಿಕೊಡಲು ಒಬ್ಬ ಸಂತ, ಕೈಮೀರಿದ ಕಷ್ಟಕ್ಕೆ ಇನ್ನೊಬ್ಬ ಸಂತ ಎಂದು ಗೆಳೆಯರಿಗೆ ಖಾತೆ ಹಂಚುವುದಿಲ್ಲ. ಅಕ್ವಿನಾಸ್ ಒಂದು ಒಳ್ಳೆಯ ಗುರುತು ತೋರಿಸಿದ್ದ. ಸಭೆ ತ್ರೈಯೇಕ ದೇವರಿಗೆ ‘ಕರುಣಿಸು’ ಎನ್ನುತ್ತದೆ, ಸಂತರಿಗೆ ‘ನಮಗಾಗಿ ಪ್ರಾರ್ಥಿಸಿ’ ಎನ್ನುತ್ತದೆ. ಪುಸ್ತಕದಲ್ಲಿ ಈ ಗೆರೆ ಸ್ಪಷ್ಟ. ಜನರ ಬಾಯಲ್ಲಿ ಅಳಿಸಿಹೋಗುತ್ತದೆ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರ ಆರಾಧನೆಯಲ್ಲಂತೂ ‘ಪರಮಪವಿತ್ರ ದೇವಮಾತೆಯೇ, ನಮ್ಮನ್ನು ರಕ್ಷಿಸು’ ಎಂದು ಅಧಿಕೃತವಾಗಿಯೇ ಹಾಡುತ್ತಾರೆ. ನಿನ್ನ ಪ್ರಾರ್ಥನೆಯಿಂದ ರಕ್ಷಿಸು ಎಂದು ಅರ್ಥ ಮಾಡಿಕೊಳ್ಳಬೇಕು ಎಂಬ ವಿವರಣೆ ಇದೆ. ಆದರೆ ವಿವರಣೆ ಗೊತ್ತಿಲ್ಲದ ಪ್ರೊಟೆಸ್ಟಂಟ್ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಊಹಿಸುವುದು ಕಷ್ಟವೇನಲ್ಲ.

ಅರಮನೆಯ ಹೋಲಿಕೆ ಕೂಡ ಬಹಳ ಹಳೆಯದು. ರಾಜನ ಹತ್ತಿರ ಹೋಗಬೇಕಾದರೆ ಅಧಿಕಾರಿಗಳ ಮೂಲಕ ಹೋಗಬೇಡವೇ, ದೇವರ ಹತ್ತಿರವೂ ಹಾಗೇ ಎಂಬ ವಾದ. ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ 4ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಒಬ್ಬ ಅಜ್ಞಾತ ಲೇಖಕ ಇದನ್ನು ಚೆನ್ನಾಗಿ ಝಾಡಿಸಿದ್ದಾನೆ. ರಾಜ ಮನುಷ್ಯ, ಯಾರನ್ನು ನಂಬಬೇಕು ಎಂದು ಅವನಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಅಧಿಕಾರಿಗಳು ಬೇಕು. ಎಲ್ಲವನ್ನೂ ಬಲ್ಲ ದೇವರಿಗೆ ಭಕ್ತಿಯ ಮನಸ್ಸು ಸಾಕು ಎಂದ. ಮುಂದೆ ಪ್ರೊಟೆಸ್ಟಂಟರು ಇದನ್ನು ಖುಷಿಯಿಂದ ಎತ್ತಿಕೊಂಡರು. ಆದರೆ ಆತ ಬೈದದ್ದು ಹಲವು ದೇವತೆಗಳನ್ನು ಪೂಜಿಸುತ್ತಿದ್ದ ಕ್ರೈಸ್ತೇತರರನ್ನು. ಸಂತರ ಭಕ್ತರನ್ನಲ್ಲ.

ಇತಿಹಾಸ ಯಾರ ಕಡೆಗಿದೆ? ರೋಮ್‌ನ ಆಪ್ಪಿಯಾ ರಸ್ತೆಯ ಸಂತ ಸೆಬಾಸ್ಟಿಯನ್ ಸಮಾಧಿ ಗವಿಯ ಗೋಡೆ ಮೇಲೆ ಯಾತ್ರಿಕರು ಗೀಚಿದ ಬರಹಗಳಿವೆ. ಪೌಲ, ಪೇತ್ರ, ವಿಕ್ಟರನಿಗಾಗಿ ಬೇಡಿರಿ ಎಂಬಂಥ ಸಾಲುಗಳು. ಇವು 3ನೇ ಶತಮಾನದ ನಡುವಿನಿಂದ ಶುರುವಾಗುತ್ತವೆ. ಮರಿಯಮ್ಮನ ಆಶ್ರಯ ಬೇಡುವ ಒಂದು ಗ್ರೀಕ್ ಪ್ರಾರ್ಥನೆ ಈಜಿಪ್ಟಿನ ಪಪೈರಸ್ ತುಂಡಿನಲ್ಲಿ ಸಿಕ್ಕಿದೆ. ಅದನ್ನೂ ಕೆಲವರು 3ನೇ ಶತಮಾನದ್ದು ಎನ್ನುತ್ತಾರೆ, ಇತರ ವಿದ್ವಾಂಸರು ಹಲವು ಶತಮಾನ ಈಚೆಗೆ ತರುತ್ತಾರೆ. ಅದನ್ನು ನೆಚ್ಚಿಕೊಂಡು ವಾದ ಕಟ್ಟದಿರುವುದೇ ಒಳ್ಳೆಯದು.

ಅದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿದೆ. ಕಾಪ್ಟಿಕ್, ಅರ್ಮೇನಿಯನ್, ಸಿರಿಯಾಕ್ ಸಭೆಗಳು 451ರ ಕಾಲ್ಸೆಡನ್ ಮಹಾಸಭೆಯ ನಂತರ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ನಿಂದ ದೂರವಾದವು. ಒಬ್ಬರನ್ನೊಬ್ಬರು ಶಪಿಸಿಕೊಂಡರು. ಆದರೂ ಇವರೆಲ್ಲರೂ ಸಂತರ ಪ್ರಾರ್ಥನೆಯನ್ನು ಕೋರುತ್ತಾರೆ. ಅಂದರೆ ಇದು ಮಧ್ಯಯುಗದ ಪೋಪರು ಸುಮ್ನೆ ಹುಟ್ಟುಹಾಕಿದ್ದು ಎಂಬ ಜನಪ್ರಿಯ ಮಾತು ನಿಲ್ಲುವುದಿಲ್ಲ. ಇಷ್ಟು ಹೇಳಿದ ಮೇಲೂ ಪ್ರೊಟೆಸ್ಟಂಟರಿಗೆ ಒಂದು ನ್ಯಾಯವಾದ ಪ್ರಶ್ನೆ ಉಳಿಯುತ್ತದೆ. ಹೊಸ ಒಡಂಬಡಿಕೆಯಲ್ಲಿ ಸ್ತೆಫನ ಸತ್ತ, ಯೋಹಾನನ ಅಣ್ಣ ಯಾಕೋಬ ಸತ್ತ. ಯಾರೂ ಅವರನ್ನು ಕರೆದು ಪ್ರಾರ್ಥಿಸಿದ ಒಂದು ಉದಾಹರಣೆಯೂ ಅಲ್ಲಿಲ್ಲ.

ವಿರೋಧವೂ ಹೊಸದಲ್ಲ. ಗಾಲ್ ಪ್ರಾಂತ್ಯದ ವಿಜಿಲಾಂಟಿಯಸ್ ಎಂಬ ಪಾದ್ರಿ 5ನೇ ಶತಮಾನದ ಶುರುವಿನಲ್ಲೇ, ಬದುಕಿರುವಾಗ ಒಬ್ಬರಿಗೊಬ್ಬರು ಪ್ರಾರ್ಥಿಸಬಹುದು, ಸತ್ತ ಮೇಲೆ ಯಾರ ಪ್ರಾರ್ಥನೆಯೂ ಇನ್ನೊಬ್ಬರಿಗೆ ನಡೆಯದು ಎಂದಿದ್ದ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ 406ರಲ್ಲಿ ಅವನ ಮೇಲೆ ಹರಿಹಾಯ್ದ. ಹೋರಾಟದ ನಡುವೆ ಇದ್ದಾಗಲೇ ಬೇರೆಯವರಿಗಾಗಿ ಬೇಡಬಲ್ಲ ಅಪೊಸ್ತಲರು ಗೆದ್ದು ಕಿರೀಟ ಪಡೆದ ಮೇಲೆ ಬೇಡಲಾರರೇ ಎಂದು ಕೇಳಿದ. ಇವತ್ತಿನ ವಾದಗಳೆರಡೂ ಅಲ್ಲೇ ಸಿದ್ಧವಾಗಿದ್ದವು. ಅದಕ್ಕೂ ಹಿಂದೆ, 230ರ ದಶಕದಲ್ಲಿ, ಪ್ರಾರ್ಥನೆಯ ಬಗ್ಗೆ ಬರೆದ ಆದಿ ಸಭೆಯ ವಿದ್ವಾಂಸ ಒರಿಜೆನ್, ತೀರಿಕೊಂಡ ಭಕ್ತರು ನಮ್ಮ ಜೊತೆ ಪ್ರಾರ್ಥಿಸುತ್ತಾರೆ ಎಂದ. ಅದೇ ಪುಸ್ತಕದಲ್ಲಿ, ಪ್ರಾರ್ಥನೆ ಸಲ್ಲಬೇಕಾದದ್ದು ತಂದೆಗೆ ಮಾತ್ರ, ಕ್ರಿಸ್ತನ ಮೂಲಕ ಸಲ್ಲಿಸಬೇಕೇ ಹೊರತು ಕ್ರಿಸ್ತನಿಗೆ ಸಲ್ಲಿಸಬಾರದು ಎಂದೂ ವಾದಿಸಿದ. ‘ನೇರ ದೇವರಿಗೆ’ ಎನ್ನುವ ಮಾತೂ ಆಗ ಇತ್ಯರ್ಥವಾಗಿರಲಿಲ್ಲ ಎಂದಾಯಿತು.

ಹಾಗಿದ್ದರೆ 16ನೇ ಶತಮಾನದಲ್ಲಿ ಇದು ಸಿಡಿದದ್ದೇಕೆ? ಲೂಥರನ ಬದುಕಿನಲ್ಲೇ ಉತ್ತರ ಇದೆ. 1505ರ ಜುಲೈನಲ್ಲಿ ಗುಡುಗು ಸಿಡಿಲಿಗೆ ಸಿಕ್ಕಿಬಿದ್ದ 21 ವರ್ಷದ ಆ ಹುಡುಗ ಕೂಗಿದ್ದು ದೇವರನ್ನಲ್ಲ, ಮರಿಯಮ್ಮನ ತಾಯಿ ಸಂತ ಅನ್ನಮ್ಮನನ್ನು. ಕಾಪಾಡು, ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತ, ಸನ್ಯಾಸಿಯೂ ಆದ. ಕ್ರಿಸ್ತನೆಂದರೆ ಕಾಮನಬಿಲ್ಲಿನ ಮೇಲೆ ಕೂತ ಉಗ್ರ ನ್ಯಾಯಾಧೀಶ ಎಂದೇ ತಾನು ಬೆಳೆದದ್ದು ಎಂದು ಮುಂದೆ ನೆನೆಸಿಕೊಂಡಿದ್ದಾನೆ. ನ್ಯಾಯಾಧೀಶನನ್ನು ಕಂಡರೆ ಭಯ, ಅದಕ್ಕೇ ತಾಯಿಯ ಹತ್ತಿರ, ಅಜ್ಜಿಯ ಹತ್ತಿರ ಓಡುವುದು. ಲೂಥರನಿಗೆ ಮುರಿಯಬೇಕಿದ್ದದ್ದು ಈ ಭಯವನ್ನು. ಅವನು ಸಂತರ ಪ್ರಾರ್ಥನೆಯನ್ನು ಒಂದೇ ದಿನಕ್ಕೆ ಬಿಡಲೂ ಇಲ್ಲ. 1537ರ ಹೊತ್ತಿಗೆ ಮಾತ್ರ ಅದನ್ನು ಕ್ರಿಸ್ತವಿರೋಧಿಯ ದುರಾಚಾರಗಳಲ್ಲಿ ಒಂದು ಎಂದು ಬರೆದ. ಇಂಗ್ಲೆಂಡಿನ ಸಭೆಯ ವಿಧಿಗಳು, ಹೈಡಲ್‌ಬರ್ಗ್ ಧರ್ಮೋಪದೇಶ, ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪತ್ರ ಎಲ್ಲವೂ ಅದನ್ನು ತಳ್ಳಿಹಾಕಿದವು.

ಕಥೋಲಿಕರ ಟ್ರೆಂಟ್ ಮಹಾಸಭೆ 1563ರ ಡಿಸೆಂಬರ್‌ನಲ್ಲಿ ಕೊಟ್ಟ ಉತ್ತರ ಅಳೆದು ತೂಗಿದ್ದು. ಸಂತರನ್ನು ಬೇಡುವುದು ‘ಒಳ್ಳೆಯದು, ಉಪಯುಕ್ತ’ ಎಂದಿತು. ಪ್ರತಿಯೊಬ್ಬರಿಗೂ ಕಡ್ಡಾಯ ಎನ್ನಲಿಲ್ಲ. ಮರಿಯಮ್ಮನ ಜಪದ ಮೊದಲರ್ಧ ಲೂಕನ ಸುವಾರ್ತೆಯಿಂದ ಎತ್ತಿದ್ದು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ‘ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ’ ಎಂಬ ಎರಡನೇ ಅರ್ಧ ಇವತ್ತಿನ ರೂಪದಲ್ಲಿ ಅಧಿಕೃತ ಪ್ರಾರ್ಥನಾ ಪುಸ್ತಕ ಸೇರಿದ್ದು 1568ರಲ್ಲಿ, ಟ್ರೆಂಟ್ ಮುಗಿದ ಮೇಲೆ. ಜಗಳ ಎರಡೂ ಕಡೆಯವರನ್ನು ತಮ್ಮ ತಮ್ಮ ಮೂಲೆಗೆ ಇನ್ನಷ್ಟು ತಳ್ಳಿತು.

ಎಲ್ಲದರ ಅಡಿಯಲ್ಲಿರುವುದು ಮೌನದ ಪ್ರಶ್ನೆ. ಬೈಬಲ್ ಒಂದು ವಿಷಯದಲ್ಲಿ ಸುಮ್ಮನಿದ್ದರೆ ಅದನ್ನು ಅನುಮತಿ ಎನ್ನಬೇಕೋ ನಿಷೇಧ ಎನ್ನಬೇಕೋ? ಇನ್ನೊಬ್ಬ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನನ ದಾರಿಯಲ್ಲಿ ನಡೆದವರಿಗೆ ಆರಾಧನೆಯಲ್ಲಿ ದೇವರು ಹೇಳದ್ದನ್ನು ಮಾಡುವಂತಿಲ್ಲ. ಕಥೋಲಿಕರಿಗೆ, ಆರ್ಥೊಡಾಕ್ಸರಿಗೆ ಸಭೆಯ ಪರಂಪರೆಯೂ ಮಾತಾಡುತ್ತದೆ. ಇದು ಇತ್ಯರ್ಥವಾಗದೆ ವಚನಕ್ಕೆ ವಚನ ಎಸೆದರೆ ಸಿಗುವುದು ಬರೀ ಸುಸ್ತು.

ಹೊರಗಿನವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಇದೆ. ರೋಮ್‌ಗೆ ಇದು ಬಿಟ್ಟುಬಿಡಬಹುದಾದ ಪದ್ಧತಿ ಅಲ್ಲ. ಹುತಾತ್ಮರಲ್ಲದವರಿಗೆ ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನ ‘ಪುನೀತ’ ಪದವಿ ಸಿಗಲು ಒಂದು ಪವಾಡ ಬೇಕು, ಸಂತ ಪದವಿಗೆ ಇನ್ನೊಂದು. ಅಕ್ಯೂಟಿಸ್ ವಿಷಯದಲ್ಲಿ ಮೊದಲನೆಯದು ಬ್ರೆಜಿಲ್‌ನ ಒಬ್ಬ ಪುಟ್ಟ ಹುಡುಗನ ಮೇದೋಜೀರಕ ಗ್ರಂಥಿಯ ದೋಷ ವಾಸಿಯಾದದ್ದು. ಎರಡನೆಯದು ಇಟಲಿಯ ಫ್ಲಾರೆನ್ಸ್‌ನಲ್ಲಿ ಅಪಘಾತವಾಗಿ ತಲೆಗೆ ಪೆಟ್ಟಾಗಿದ್ದ ಕೋಸ್ಟರಿಕಾದ ವಿದ್ಯಾರ್ಥಿನಿ ಚೇತರಿಸಿಕೊಂಡದ್ದು. ವೈದ್ಯರು ವಿವರಿಸಲಾಗದ ಗುಣವಾದರಷ್ಟೇ ಸಾಲದು. ಅದು ಆ ವ್ಯಕ್ತಿಯನ್ನು ಬೇಡಿಕೊಂಡ ಮೇಲೆ ಆಯಿತು ಎಂದು ತೋರಿಸಬೇಕು. ಜನ ಬೇಡದಿದ್ದರೆ ಹೊಸ ಸಂತರನ್ನು ಗುರುತಿಸುವ ಈ ಇಡೀ ವ್ಯವಸ್ಥೆಯೇ ನಿಂತುಹೋಗುತ್ತದೆ.

ಇದರ ಹಿನ್ನೆಲೆಯಲ್ಲಿ ನವೆಂಬರಿನ ದಾಖಲೆಯನ್ನು ಓದಬೇಕು. ಅದು ಮರಿಯಮ್ಮನಿಗೆ ಪ್ರಾರ್ಥಿಸಬೇಡಿ ಎನ್ನಲಿಲ್ಲ, ಜಪಮಾಲೆಗೆ ಕೈ ಹಚ್ಚಲಿಲ್ಲ. ಕ್ರಿಸ್ತನ ಪಕ್ಕದಲ್ಲಿ ಇನ್ನೊಂದು ಸಿಂಹಾಸನ ಇಟ್ಟಂತೆ ಕೇಳಿಸುವ ಬಿರುದನ್ನು ಮಾತ್ರ ಬದಿಗಿಟ್ಟಿತು. ಪೋಪ್ 2ನೇ ಜಾನ್ ಪಾಲ್ ಆ ಬಿರುದನ್ನು ಹಲವು ಸಲ ಬಳಸಿದ್ದರು, ಹಾಗಾಗಿ ಕೆಲವು ಕಥೋಲಿಕರಿಗೆ ಬೇಸರವಾಯಿತು. ಈ ಎಳೆದಾಟ ರೋಮ್‌ನ ಒಳಗೇ ಹಳೆಯದು. 1963ರ ಅಕ್ಟೋಬರ್ 29ರಂದು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಮರಿಯಮ್ಮನ ಬಗ್ಗೆ ಪ್ರತ್ಯೇಕ ದಾಖಲೆ ಬೇಕೋ, ಸಭೆಯ ಕುರಿತ ದಾಖಲೆಯಲ್ಲೇ ಒಂದು ಅಧ್ಯಾಯ ಸಾಕೋ ಎಂದು ಮತ ಹಾಕಿದಾಗ, ಅಧ್ಯಾಯ ಸಾಕು ಎಂದವರು 1,114, ಬೇರೆಯೇ ಬೇಕು ಎಂದವರು 1,074. ವ್ಯತ್ಯಾಸ ಕೇವಲ 40.

ಪರಸ್ಪರ ಮಾತುಕತೆ ನಡೆದಿಲ್ಲ ಎಂದಲ್ಲ. ಅಮೆರಿಕದ ಲೂಥರನ್ ಮತ್ತು ಕಥೋಲಿಕ ದೇವಶಾಸ್ತ್ರಜ್ಞರು 1990ರಲ್ಲಿ ಇದೇ ವಿಷಯದ ಮೇಲೆ ಸುದೀರ್ಘ ಹೇಳಿಕೆ ಮುಗಿಸಿದರು. ಮುಂದೆ ಎರಡೂ ಸಭೆ ಹತ್ತಿರವಾದರೆ ಲೂಥರನ್ನರು ಸಂತರನ್ನು ಬೇಡಲೇಬೇಕು ಎಂಬ ಒತ್ತಾಯ ಇರಬಾರದು, ಕಥೋಲಿಕರ ಅಧಿಕೃತ ಬೋಧನೆ ವಿಗ್ರಹಾರಾಧನೆ ಎಂದು ಲೂಥರನ್ನರೂ ದೂರಬಾರದು ಎಂಬ ದಿಕ್ಕಿನಲ್ಲಿ ಅದು ಯೋಚಿಸಿತ್ತು. ಟ್ರೆಂಟ್ ಕಡ್ಡಾಯ ಮಾಡದೆ ಬಿಟ್ಟ ಜಾಗ ಇಲ್ಲಿ ಉಪಯೋಗಕ್ಕೆ ಬಂತು.

ಮನೆಯ ಮೂಲೆಯ ಪ್ರಾರ್ಥನೆಗೆ ಈ ದಾರಿ ಸಾಕು. ಒಟ್ಟಿಗೆ ಆರಾಧಿಸಬೇಕಾದಾಗ ಸಾಕಾಗುವುದಿಲ್ಲ. ಕಥೋಲಿಕರ ಗುರುದೀಕ್ಷೆಯಲ್ಲಿ ಅಭ್ಯರ್ಥಿ ನೆಲದ ಮೇಲೆ ಬೋರಲಾಗಿ ಮಲಗಿರುವಾಗ ಸಭೆ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು ‘ನಮಗಾಗಿ ಪ್ರಾರ್ಥಿಸಿ’ ಎಂದು ಹಾಡುತ್ತದೆ. ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ರಾತ್ರಿ ಜ್ಞಾನಸ್ನಾನಕ್ಕೆ ಮೊದಲೂ ಹೀಗೇ. ಆ ಹೊತ್ತಿನಲ್ಲಿ ಪಕ್ಕದ ಪ್ರೊಟೆಸ್ಟಂಟ್ ಅತಿಥಿ ಜೊತೆಗೆ ಹಾಡಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. 1990ರ ಹೇಳಿಕೆಯ ಪ್ರಕಾರ ಅವರು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪಿಲ್ಲ.